ಅಚಾನಕ್ ಸಿಕ್ಕೋರ ಜೊತೆ ಮುಂದೇನು? ಕೆಲಸಕ್ಕೂ ಪ್ರೀತಿಗೂ ದಾರಿ ಮಾಡ್ಕೊಳ್ಳೋದು ಹೇಗೆ

ಆಲ್ಬರ್ಟ್ ಬಂಡೂರಾ ಅಂತ ಒಬ್ರು ಸೈಕಾಲಜಿಸ್ಟ್ ಇದ್ರು, ಕೆನಡಾದ ಒಂದು ಸಣ್ಣ ಊರಲ್ಲಿ ಹುಟ್ಟಿದೋರು, 1953ರಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ಪಾಠ ಮಾಡಿದ್ರು, 2021ರಲ್ಲಿ ತೀರ್ಕೊಂಡ್ರು. ಇಷ್ಟು ದೊಡ್ಡ ಹೆಸರು ಮಾಡಿದ ಮನುಷ್ಯ ಸೈಕಾಲಜಿಗೆ ಬಂದಿದ್ದೇ ಒಂದು ಕಾರ್‌ಪೂಲ್‌ನಿಂದ. ಕಾಲೇಜಿಗೆ ಇವ್ರ ಜೊತೆ ಕಾರಲ್ಲಿ ಬರ್ತಿದ್ದೋರೆಲ್ಲ ಇಂಜಿನಿಯರಿಂಗು, ಮೆಡಿಕಲ್ ಓದೋ ಹುಡುಗ್ರು, ಅವ್ರಿಗೆ ಬೆಳಬೆಳಗ್ಗೆನೇ ಕ್ಲಾಸು, ಇವ್ರಿಗೆ ಆ ಹೊತ್ತಲ್ಲಿ ಏನೂ ಇಲ್ಲ, ಲೈಬ್ರರಿ ಟೇಬಲ್ ಮೇಲೆ ಯಾರೋ ಬಿಟ್ಟೋಗಿದ್ದ ಕೋರ್ಸ್ ಪಟ್ಟಿ ತಿರುವಿ ಹಾಕ್ತಾ ಆ ಟೈಮಿಗೆ ಸರಿಹೋಗತ್ತೆ ಅಂತ ಸೈಕಾಲಜಿ ತಗೊಂಡ್ರು. ಮದ್ವೆ ಕಥೆನೂ ಹೀಗೇ. ಮುಂದೆ ಅಯೋವಾದಲ್ಲಿ ಪಿಎಚ್‌ಡಿ ಮಾಡ್ವಾಗ ಒಂದಿನ ಓದಿ ಓದಿ ಬೇಜಾರಾಗಿ ಫ್ರೆಂಡ್ ಜೊತೆ ಗಾಲ್ಫ್ ಆಡೋಕೆ ಹೋದ್ರು, ಮುಂದೆ ಇಬ್ರು ಹುಡುಗೀರು ಆಡ್ತಿದ್ರು, ಸ್ವಲ್ಪ ಹೊತ್ತಲ್ಲಿ ನಾಲ್ಕು ಜನಾನೂ ಒಟ್ಟಿಗೆ ಆಡೋಕೆ ಶುರು ಮಾಡಿದ್ರು, ಅವ್ರಲ್ಲಿ ಒಬ್ರು ಮುಂದೆ ಇವ್ರ ಹೆಂಡ್ತಿ ಆದ್ರು.

1982ರಲ್ಲಿ ಬಂಡೂರಾ ಇದೇ ವಿಷಯದ ಮೇಲೆ, ಅಂದ್ರೆ ಅಚಾನಕ್ ಭೇಟಿಗಳು ಬದುಕಿನ ದಿಕ್ಕು ಹೇಗೆ ಬದಲಾಯಿಸ್ತವೆ ಅನ್ನೋದ್ರ ಮೇಲೆ, ಒಂದು ರಿಸರ್ಚ್ ಪೇಪರ್ ಬರೆದ್ರು. ಇದೇ ವಿಷಯ ಇಟ್ಕೊಂಡು ಒಂದು ಸಲ ಭಾಷಣ ಮಾಡ್ದಾಗ ಹಾಲ್ ತುಂಬ್ತಾ ಇತ್ತಂತೆ, ಒಳಗೆ ಬಂದ ಒಬ್ಬ ಪುಸ್ತಕ ಸಂಪಾದಕ ಬಾಗಿಲ ಹತ್ರ ಖಾಲಿ ಕಂಡ ಕುರ್ಚಿಲಿ ಕೂತ್ಕೊಂಡ್ರು, ಪಕ್ಕದ ಕುರ್ಚಿಲಿ ಕೂತಿದ್ದ ಹೆಂಗಸನ್ನೇ ಮುಂದೆ ಮದ್ವೆ ಆದ್ರು. ಇದನ್ನ ಬಂಡೂರಾ ಅವ್ರೇ ಬರ್ಕೊಂಡಿದಾರೆ.

ಇದನ್ನೆಲ್ಲ ಕೇಳಿ ಹಣೆಬರಹ, ಋಣಾನುಬಂಧ ಅಂತ ಹೇಳಿ ಎದ್ದು ಹೋಗೋರು ನಮ್ಮಲ್ಲಿ ಜಾಸ್ತಿ. ಋಣಾನುಬಂಧ ಅನ್ನೋ ಮಾತಿನ ಮೇಲೆ ನಂಗೂ ಗೌರವ ಇದೆ. ಆದ್ರೆ ಇಂಥ ಕಥೆಗಳನ್ನ ಒಂದೊಂದಾಗಿ ಬಿಡಿಸಿ ನೋಡಿದ್ರೆ, ಇಬ್ರು ಎದುರಾಗಿದ್ದು ಮಾತ್ರ ಆಕಸ್ಮಿಕ, ಎದುರಾದ್ಮೇಲೆ ಒಂದೆರಡು ದಿನದಲ್ಲಿ ಅವ್ರು ಮಾಡಿದ ಒಂದು ಸಣ್ಣ ಕೆಲಸ ಇರತ್ತಲ್ಲ ಅದು ಪೂರ್ತಿ ಅವ್ರ ಕೈಲಿದ್ದಿದ್ದು. ಆ ಸಣ್ಣ ಕೆಲಸ ಮಾಡೋದು ಹೇಗೆ ಅಂತ ಯಾರೂ ಹೇಳ್ಕೊಡಲ್ಲ, ಸ್ಕೂಲಲ್ಲೂ ಇಲ್ಲ ಮನೇಲೂ ಇಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಒಂದು ಕಥೆ ಪೂರ್ತಿ ನೋಡಣ

ಸುಧಾ ಮೂರ್ತಿ ಮತ್ತೆ ನಾರಾಯಣ ಮೂರ್ತಿ ಕಥೆ ಎಲ್ರಿಗೂ ಗೊತ್ತು ಅನ್ಕೋತೀವಿ, ಆದ್ರೆ ಅದ್ರಲ್ಲಿ ಯಾವುದು ಆಕಸ್ಮಿಕ ಯಾವುದು ಅವ್ರು ಮಾಡಿದ್ದು ಅಂತ ಬೇರೆ ಬೇರೆ ಮಾಡಿ ನೋಡಿದೀರಾ?

1974. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿವಿಬಿ ಕಾಲೇಜಲ್ಲಿ ಇಂಜಿನಿಯರಿಂಗ್ ಮಾಡಿದ ಹುಡುಗಿ ಸುಧಾ ಬೆಂಗಳೂರಿನ ಐಐಎಸ್‌ಸಿಲಿ ಓದು ಮುಗಿಸ್ತಾ ಇದ್ರು, ಮುಂದೆ ಅಮೆರಿಕಕ್ಕೆ ಹೋಗಿ ಓದೋ ಯೋಚನೆ, ಅದಕ್ಕೆ ಸ್ಕಾಲರ್‌ಶಿಪ್ಪೂ ಸಿಕ್ಕಿತ್ತು. ನೋಟಿಸ್ ಬೋರ್ಡಲ್ಲಿ ಟಾಟಾದೋರ ಟೆಲ್ಕೋ ಕಂಪನಿ ಜಾಹೀರಾತು ಕಣ್ಣಿಗೆ ಬಿತ್ತು, ಕೆಳಗಡೆ ಹೆಂಗಸರು ಅರ್ಜಿ ಹಾಕೋದು ಬೇಡ ಅಂತ ಒಂದು ಸಾಲು. ಕಣ್ಣಿಗೆ ಬಿದ್ದಿದ್ದು ಆಕಸ್ಮಿಕ, ಆ ಬೋರ್ಡ್ ಮುಂದೆ ಇನ್ನೂ ಎಷ್ಟು ಜನ ಓಡಾಡಿರ್ತಾರೆ. ಆದ್ರೆ ಇವ್ರು ರೂಮಿಗೆ ಬಂದು ಜೆ.ಆರ್.ಡಿ. ಟಾಟಾ ಅವ್ರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದ್ರು, ನಿಮ್ಮಂಥ ಕಂಪನಿ ಹೀಗೆ ಮಾಡ್ಬಹುದಾ ಅಂತ. ಕೆಲವು ದಿನಕ್ಕೆ ಟೆಲಿಗ್ರಾಂ ಬಂತು, ಪುಣೆಗೆ ಬನ್ನಿ, ಖರ್ಚು ಕಂಪನೀದು ಅಂತ. ಹಾಸ್ಟೆಲ್ ಹುಡುಗೀರು ಪುಣೇಲಿ ಸೀರೆ ಅಗ್ಗ ಹೋಗ್ಬಾ ಅಂತ ತಲಾ ಮೂವತ್ತು ರೂಪಾಯಿ ಕೈಗೆ ಕೊಟ್ಟು ಕಳ್ಸಿದ್ರಂತೆ. ಕೆಲಸ ಸಿಗತ್ತೆ ಅನ್ನೋ ಆಸೆ ಇಟ್ಕೊಂಡೇನೂ ಹೋಗಿರ್ಲಿಲ್ಲ ಅವ್ರು. ಆದ್ರೂ ಹೋದ್ರಲ್ಲ, ಅದು ಮುಖ್ಯ.

ಪುಣೇಲಿ ಕೆಲಸ ಸಿಕ್ತು. ಅಲ್ಲಿ ಪ್ರಸನ್ನ ಅಂತ ಒಬ್ರು ಗೆಳೆಯ, ಅವ್ರ ಹತ್ರ ಓದೋಕೆ ಪುಸ್ತಕ ಇಸ್ಕೊಳ್ತಿದ್ರು, ಆ ಪುಸ್ತಕಗಳಲ್ಲಿ ಹೆಚ್ಚಿನವುಗಳ ಮೇಲೆ ನಾರಾಯಣ ಮೂರ್ತಿ ಅಂತ ಹೆಸರು. ಯಾರಪ್ಪಾ ಇವ್ನು ಇಷ್ಟು ಓದೋನು ಅಂತ ಕುತೂಹಲ. ಎದುರಿಗೆ ಬಂದಾಗ ನೋಡಿದ್ರೆ ಕನ್ನಡಕ ಹಾಕ್ಕೊಂಡ, ಮಾತು ಕಮ್ಮಿ, ನಾಚಿಕೆ ಸ್ವಭಾವದ ಮನುಷ್ಯ. ಊಟಕ್ಕೆ ಕರೆದಾಗ ಗುಂಪಲ್ಲಿ ತಾನೊಬ್ಳೇ ಹುಡುಗಿ ಅಂತ ಮೊದ್ಲು ಬರಲ್ಲ ಅಂದಿದ್ರು. 1978ರ ಫೆಬ್ರವರಿ 10ಕ್ಕೆ ಬೆಂಗಳೂರಲ್ಲಿ ಮದ್ವೆ, ಒಟ್ಟು ಖರ್ಚು 800 ರೂಪಾಯಿ, ಅದನ್ನೂ ಇಬ್ರೂ ಅರ್ಧರ್ಧ ಹಾಕ್ಕೊಂಡ್ರು. 1981ರಲ್ಲಿ ಇನ್ಫೋಸಿಸ್ ಶುರುವಾಗುವಾಗ ಸುಧಾ ಅವ್ರು ಕೂಡಿಟ್ಟಿದ್ದ 10,000 ರೂಪಾಯಿ ಕೊಟ್ರು.

ಈ ಕಡೆ ನಾರಾಯಣ ಮೂರ್ತಿ ಅವ್ರು ಕಂಪ್ಯೂಟರ್ ಕಡೆ ತಿರುಗಿದ್ದು ಹೇಗೆ ಗೊತ್ತಾ? 1968ರಲ್ಲಿ ಐಐಟಿ ಕಾನ್ಪುರದಲ್ಲಿ ಓದ್ವಾಗ ಒಂದು ಭಾನುವಾರ ಬೆಳಗ್ಗೆ ತಿಂಡಿ ಹೊತ್ತಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬ ದೊಡ್ಡ ಕಂಪ್ಯೂಟರ್ ವಿಜ್ಞಾನಿ ಜೊತೆ ಕೂರೋ ಅವಕಾಶ ಆಯ್ತು, ಅವ್ರು ಮಾತಾಡಿದ್ದು ಕೇಳಿ ತಿಂಡಿ ಮುಗಿಸಿ ಸೀದಾ ಲೈಬ್ರರಿಗೆ ಹೋಗಿ ಆ ವಿಷಯದ ನಾಲ್ಕೈದು ಪೇಪರ್ ಓದಿದ್ರು, ಹೊರಗೆ ಬರೋ ಹೊತ್ತಿಗೆ ಕಂಪ್ಯೂಟರ್ ಸೈನ್ಸೇ ಓದೋದು ಅಂತ ನಿರ್ಧಾರ ಆಗಿತ್ತು. ಇದನ್ನ ಅವ್ರೇ 2007ರಲ್ಲಿ ನ್ಯೂಯಾರ್ಕಲ್ಲಿ ವಿದ್ಯಾರ್ಥಿಗಳಿಗೆ ಹೇಳಿದ್ದು. ಅದೇ ಭಾಷಣದಲ್ಲಿ 1974ರ ಇನ್ನೊಂದು ಘಟನೆನೂ ಹೇಳಿದ್ರು, ಯೂರೋಪಲ್ಲಿ ರೈಲಲ್ಲಿ ಹೋಗ್ವಾಗ ಎದುರಿಗೆ ಕೂತಿದ್ದ ಹುಡುಗಿ ಜೊತೆ ಅಲ್ಲಿನ ಕಮ್ಯುನಿಸ್ಟ್ ಆಡಳಿತದ ಬಗ್ಗೆ ಮಾತಾಡಿದ್ದಕ್ಕೆ ಪೊಲೀಸ್ರು ಎಳ್ಕೊಂಡು ಹೋಗಿ ದಿನಗಟ್ಟಲೆ ಅನ್ನ ನೀರಿಲ್ದೆ ಕೂಡಿಹಾಕಿದ್ರು, ಎಡಪಂಥದ ಮೇಲಿದ್ದ ನಂಬಿಕೆ ಅಲ್ಲಿಗೆ ಹೋಯ್ತು, ಜನಕ್ಕೆ ಕೆಲಸ ಸೃಷ್ಟಿ ಮಾಡೋ ಉದ್ಯಮನೇ ದಾರಿ ಅನ್ನಿಸ್ತು.

ತಿಂಡಿ ಟೇಬಲ್ಲು, ನೋಟಿಸ್ ಬೋರ್ಡು, ಪುಸ್ತಕದ ಮೇಲಿನ ಹೆಸರು, ಇವೆಲ್ಲ ಎಲ್ರಿಗೂ ಸಿಗೋವೇ. ತಿಂಡಿ ಆದ್ಮೇಲೆ ಲೈಬ್ರರಿಗೆ ಹೋಗೋದು, ಪೋಸ್ಟ್‌ಕಾರ್ಡ್ ಬರೆಯೋದು, ಈ ಹೆಸರಿನೋರು ಯಾರು ಅಂತ ಕೇಳೋದು, ಇಷ್ಟನ್ನೇ ನಾವು ಅಭ್ಯಾಸ ಮಾಡ್ಕೋಬೇಕಾಗಿರೋದು.

ಎಲ್ಲಿ ಹೋದ್ರೆ ಜನ ಸಿಗ್ತಾರೆ

ಕೆಲಸದ ವಿಷಯಕ್ಕೆ ಮೊದ್ಲು ಬರ್ತೀನಿ. ಮಾರ್ಕ್ ಗ್ರಾನೊವೆಟರ್ ಅಂತ ಸಮಾಜಶಾಸ್ತ್ರಜ್ಞ, 1973ರಲ್ಲಿ ಅವ್ರು ಬರೆದ ಒಂದು ಲೇಖನ ಇವತ್ತಿಗೂ ಜನ ಓದ್ತಾರೆ. ಅಮೆರಿಕದ ಬಾಸ್ಟನ್ ಹತ್ರ ಹೊಸದಾಗಿ ಕೆಲಸಕ್ಕೆ ಸೇರಿದೋರನ್ನ ಕೇಳಿದ್ರು, ನಿಮಗೆ ಕೆಲಸದ ಸುದ್ದಿ ಕೊಟ್ಟೋರನ್ನ ಆ ಟೈಮಲ್ಲಿ ಎಷ್ಟು ಸಲ ಭೇಟಿ ಆಗ್ತಿದ್ರಿ ಅಂತ. ಪರಿಚಯದೋರ ಮೂಲಕ ಕೆಲಸ ಸಿಕ್ಕೋರಲ್ಲಿ ಶೇ. 16.7 ಜನ ಮಾತ್ರ ಆಗಾಗ ಸಿಗ್ತಿದ್ವಿ ಅಂದ್ರು, ಶೇ. 55.6 ಜನ ಯಾವಾಗ್ಲಾದ್ರೂ ಅಂದ್ರು, ಶೇ. 27.8 ಜನ ವರ್ಷಕ್ಕೆ ಒಂದು ಸಲ ಸಿಕ್ರೆ ಹೆಚ್ಚು ಅಂದ್ರು. ಕಾರಣ ಯೋಚ್ನೆ ಮಾಡಿದ್ರೆ ಸುಲಭ, ದಿನಾ ಸಿಗೋ ಫ್ರೆಂಡ್ಸಿಗೆ ಗೊತ್ತಿರೋದು ನಿಮಗೂ ಗೊತ್ತಿರತ್ತೆ, ಎಲ್ಲೋ ಒಂದು ಸಲ ಸಿಕ್ಕೋರು ಬೇರೆ ಲೋಕದಿಂದ ಸುದ್ದಿ ತರ್ತಾರೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಮೇಲೆ ಇದನ್ನ ಮತ್ತೆ ಪರೀಕ್ಷೆ ಮಾಡ್ದಾಗ್ಲೂ ತೀರಾ ಹತ್ತಿರದೋರಿಗಿಂತ ಅಷ್ಟಿಷ್ಟು ಪರಿಚಯ ಇರೋರಿಂದಲೇ ಕೆಲಸ ಬದಲಾಗೋದು ಜಾಸ್ತಿ ಅಂತ ಕಾಣ್ತು. ತೀರಾ ಗೊತ್ತೇ ಇಲ್ಲದೋರೂ ಅಷ್ಟು ಉಪಯೋಗ ಆಗ್ಲಿಲ್ಲ ಅನ್ನೋದನ್ನೂ ನೆನಪಿಟ್ಕೊಳ್ಳಿ, ಅಂದ್ರೆ ಐನೂರು ಅಪರಿಚಿತರಿಗೆ ಕನೆಕ್ಟ್ ರಿಕ್ವೆಸ್ಟ್ ಕಳ್ಸಿದ್ರೆ ಏನೂ ಆಗಲ್ಲ.

ಇನ್ನೊಂದು ಹಳೇ ಅಧ್ಯಯನ ಇದೆ, 1950ರದ್ದು, ಅಮೆರಿಕದ ಎಂಐಟಿ ವಿದ್ಯಾರ್ಥಿ ಸಂಸಾರಗಳು ಇದ್ದ ವೆಸ್ಟ್‌ಗೇಟ್ ಅನ್ನೋ ವಸತಿಯಲ್ಲಿ ಯಾರು ಯಾರಿಗೆ ಫ್ರೆಂಡ್ ಆದ್ರು ಅಂತ ನೋಡಿದ್ದು. ಪಕ್ಕದ ಬಾಗಿಲೋರು ಫ್ರೆಂಡ್ ಆಗಿದ್ದು ಶೇ. 41, ಅದೇ ಮಹಡಿಯ ಆ ತುದಿ ಈ ತುದಿಯೋರು ಆಗಿದ್ದು ಶೇ. 10. ಮೆಟ್ಟಿಲ ಬುಡದಲ್ಲಿ ಮನೆ ಇದ್ದೋರಿಗೆ ಮೇಲಿನ ಮಹಡಿಯಲ್ಲೂ ಫ್ರೆಂಡ್ಸ್ ಜಾಸ್ತಿ, ಯಾಕಂದ್ರೆ ಎಲ್ರೂ ಅಲ್ಲೇ ಹತ್ತಿ ಇಳೀಬೇಕು. ಸ್ವಭಾವ, ಬುದ್ಧಿ, ರೂಪ ಎಲ್ಲಾ ಆಮೇಲೆ, ಮೊದ್ಲು ದಾರಿಗೆ ಅಡ್ಡ ಸಿಗ್ಬೇಕು ಅಷ್ಟೇ.

ಹಾಗಾಗಿ ನಾನು ಹೇಳೋದು ಏನಂದ್ರೆ, ತಿಂಗಳಿಗೊಂದು ದೊಡ್ಡ ನೆಟ್‌ವರ್ಕಿಂಗ್ ಮೀಟಪ್ಪಿಗೆ ಹೋಗಿ ಕಾರ್ಡ್ ಹಂಚೋದಕ್ಕಿಂತ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ವಾರವಾರ ಹೋಗಿ. ಬೆಂಗಳೂರಲ್ಲಿದ್ರೆ ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಲ್ಲಿ ಸುಮ್ನೆ ಕೂತು ಪುಸ್ತಕ ಓದೋ ಗುಂಪಿದೆ, ಅಲ್ಲಿ ಮಾತೇ ಆಡ್ಬೇಕಿಲ್ಲ, ಎರಡು ಮೂರು ವಾರ ಆದ್ಮೇಲೆ ಮುಖ ಪರಿಚಯ ತಾನಾಗೇ ಆಗತ್ತೆ, ನಾಚಿಕೆ ಸ್ವಭಾವದೋರಿಗೆ ಇದಕ್ಕಿಂತ ಒಳ್ಳೆ ಜಾಗ ನಂಗೆ ಗೊತ್ತಿಲ್ಲ. ಜೆ.ಪಿ. ನಗರದ ರಂಗಶಂಕರ 2004ರಿಂದ ಇದೆ, ನಾಟಕಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಕ್ಯಾಂಟೀನಲ್ಲಿ ಟೀ ಕುಡೀರಿ, ನಾಟಕ ಮುಗಿದ ತಕ್ಷಣ ಕ್ಯಾಬ್ ಬುಕ್ ಮಾಡ್ಬೇಡಿ, ಹತ್ತು ನಿಮಿಷ ನಿಲ್ಲಿ. ಮೈಸೂರು, ಧಾರವಾಡ, ಶಿವಮೊಗ್ಗ ಕಡೆ ಆದ್ರೆ ಹವ್ಯಾಸಿ ನಾಟಕ ತಂಡಗಳು, ಸಂಗೀತ ಸಭೆಗಳು, ಸಾಹಿತ್ಯದ ಕಾರ್ಯಕ್ರಮಗಳು ಇದ್ದೇ ಇರ್ತವೆ. ಊರಲ್ಲಾದ್ರೆ ಹಾಲಿನ ಡೇರಿ, ಸಂತೆ, ಗಣಪತಿ ಕಮಿಟಿ, ವಾಲಿಬಾಲ್ ಗ್ರೌಂಡು. ಅಮೆರಿಕದಲ್ಲಿರೋರಿಗೆ ಊರೂರಲ್ಲಿ ಕನ್ನಡ ಕೂಟ, ಎರಡು ವರ್ಷಕ್ಕೊಮ್ಮೆ ಆ ಕೂಟಗಳ ಒಕ್ಕೂಟ 'ಅಕ್ಕ' ನಡೆಸೋ ಸಮ್ಮೇಳನ.

ಮದ್ವೆ ಮನೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ನಮ್ಮ ಜನಕ್ಕೆ ಅಪರಿಚಿತರ ಪಕ್ಕ ಒಂದು ಗಂಟೆ ಕೂರೋ ಅವಕಾಶ ಅಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗಲ್ಲ. ನಾವೇನ್ ಮಾಡ್ತೀವಿ, ಕಸಿನ್ಸ್ ಎಲ್ಲಾ ಒಟ್ಟಿಗೆ ಒಂದೇ ಸಾಲಲ್ಲಿ ಸೀಟ್ ಹಿಡ್ಕೊಂಡು ಊಟ ಮುಗಿಸಿ ಎದ್ದು ಬರ್ತೀವಿ. ಒಂದು ಸಲ ಪಂಕ್ತಿಲಿ ಗೊತ್ತಿಲ್ಲದೋರ ಪಕ್ಕ ಕೂತು ನೋಡಿ. ಎಲೆ ಹಾಕಿ ಪಾಯಸ ಬರೋ ತನಕ ಮಾತಾಡೋಕೆ ಬೇಕಾದಷ್ಟು ಹೊತ್ತಿರತ್ತೆ, ಹೆಣ್ಣಿನ ಕಡೆಯೋರಾ ಗಂಡಿನ ಕಡೆಯೋರಾ ಅನ್ನೋ ಪ್ರಶ್ನೆ ರೆಡಿನೇ ಇರತ್ತೆ. ಮಾತಾಡೋಕೆ ಮುಜುಗರ ಅನ್ಸೋರು ಬಡಿಸೋಕೆ ನಿಂತ್ಕೊಳ್ಳಿ. ಕೈಲಿ ಒಂದು ಕೆಲಸ ಇದ್ರೆ ಮಾತು ಸಲೀಸಾಗಿ ಬರತ್ತೆ, ಉಪ್ಪಿನಕಾಯಿ ಬಕೆಟ್ ಹಿಡ್ಕೊಂಡೋನು ಅಪರಿಚಿತ ಅನ್ಸೋದೇ ಇಲ್ಲ ಯಾರಿಗೂ. ಕಾರ್ಯಕ್ರಮಗಳಲ್ಲೂ ಹೀಗೇ, ಹಿಂದಿನ ಸಾಲಲ್ಲಿ ಕೂರೋ ಬದಲು ಹೆಸರು ಬರ್ಕೊಳ್ಳೋ ಟೇಬಲ್ಲಲ್ಲಿ ಕೂರ್ತೀನಿ ಅಂತ ಕೇಳಿ, ಬಂದೋರೆಲ್ಲ ನಿಮ್ಮ ಹತ್ರನೇ ಬರ್ತಾರೆ.

ಮಾತು ಶುರು ಮಾಡೋದು

ಬಸ್ಸಲ್ಲಿ ಮೆಟ್ರೋಲಿ ಎಲ್ರ ಕಿವೀಲೂ ಇಯರ್‌ಫೋನ್. ಯಾರಿಗೂ ಮಾತಾಡೋದು ಇಷ್ಟ ಇಲ್ಲ ಅಂತ ನಾವು ಅನ್ಕೊಂಡಿದೀವಿ. ಶಿಕಾಗೋದಲ್ಲಿ ನಿಕೋಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಅಂತ ಇಬ್ರು 2014ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ದಿನಾ ರೈಲಲ್ಲಿ ಓಡಾಡೋರಿಗೆ ಪಕ್ಕದೋರ ಜೊತೆ ಮಾತಾಡಿ ಅಂತ ಹೇಳಿದ್ರು, ಇನ್ನು ಕೆಲವರಿಗೆ ಸುಮ್ನೆ ಕೂತಿರಿ ಅಂದ್ರು. ಮಾತಾಡಿದ್ರೆ ಕಿರಿಕಿರಿ ಆಗತ್ತೆ ಅಂತ ಜನ ಮೊದ್ಲು ಊಹೆ ಮಾಡಿದ್ರು, ಆದ್ರೆ ನಿಜವಾಗಿ ಮಾತಾಡಿದೋರ ಪ್ರಯಾಣನೇ ಚೆನ್ನಾಗಿತ್ತು. 2018ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ ಮೊದಲ ಸಲ ಮಾತಾಡಿ ಎದ್ದ್ಮೇಲೆ ಇಬ್ರೂ ತಾವು ಎದುರಿನೋರಿಗೆ ಅಷ್ಟೇನೂ ಇಷ್ಟ ಆಗಿಲ್ಲ ಅಂತಲೇ ಅಂದ್ಕೋತಾರೆ, ವಾಸ್ತವದಲ್ಲಿ ಅದಕ್ಕಿಂತ ಜಾಸ್ತಿನೇ ಇಷ್ಟ ಆಗಿರ್ತಾರೆ. ಇದನ್ನ ಓದಿದ್ಮೇಲೆ ನಂಗೆ ನಿಜವಾಗ್ಲೂ ಧೈರ್ಯ ಬಂತು, ನಿಮಗೂ ಬರ್ಲಿ ಅಂತ ಹೇಳ್ತಿದೀನಿ.

ನಮ್ಮಲ್ಲಿ ಮಾತಿನ ಬಾಗಿಲು ಅಂದ್ರೆ "ಯಾವೂರಾಯ್ತು?" ಅನ್ನೋದು. ಒಳ್ಳೇ ಪ್ರಶ್ನೆ, ಕೇಳಿ. ಊರು ಗೊತ್ತಾದ ಕೂಡ್ಲೇ ಆ ಕಡೆ ಮಳೆ ಹೇಗೆ, ಅಡಿಕೆ ರೇಟ್ ಹೇಗೆ, ಅಲ್ಲಿ ಹೋಟ್ಲಲ್ಲಿ ದೋಸೆ ಹೇಗೆ ಅಂತ ಹೋಗ್ಬಹುದು. ಆದ್ರೆ ಅಲ್ಲಿಂದ "ನೀವು ಯಾವ ಪೈಕಿ", "ನಮ್ಮೋರೇನಾ" ಅನ್ನೋ ಕಡೆಗೆ ದಯವಿಟ್ಟು ಜಾರ್ಬೇಡಿ. ಜಾತಿ ಹುಡುಕೋ ಪ್ರಶ್ನೆ ಬಂದ ತಕ್ಷಣ ಎದುರಿನೋರು ಒಳಗೊಳಗೇ ಬಾಗಿಲು ಹಾಕ್ಕೊಳ್ತಾರೆ, ಹಾಕ್ಕೊಳ್ಳೋದು ಸರಿನೂ ಹೌದು. ಹೊಸ ಲೋಕ ಬೇಕು ಅಂತ ಹೊರಟೋರು ನಮ್ಮೋರನ್ನೇ ಹುಡುಕಿದ್ರೆ ಹೊರಟು ಏನು ಪ್ರಯೋಜನ.

ಕೆಲಸದ ಬಗ್ಗೆ ಕೇಳೋದಾದ್ರೆ ಎಲ್ಲಿ ಕೆಲಸ, ಎಷ್ಟು ಸಂಬಳ ಅಂತ ಕೇಳೋ ಬದಲು "ಈ ಫೀಲ್ಡಿಗೆ ಹೇಗೆ ಬಂದ್ರಿ?" ಅಂತ ಕೇಳಿ. ಈ ಒಂದು ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡದ ಮನುಷ್ಯರನ್ನ ನಾನಂತೂ ನೋಡಿಲ್ಲ, ಯಾಕಂದ್ರೆ ಅವ್ರ ಕಥೇಲೂ ಯಾರೋ ಒಬ್ರು ಅಚಾನಕ್ ಸಿಕ್ಕಿರ್ತಾರೆ. ಆಮೇಲೆ ನೀವೇನ್ ಮಾಡ್ತೀರ ಅಂತ ಅವ್ರು ಕೇಳ್ದಾಗ "ಏನೋ ಹೀಗೆ ನಡೀತಿದೆ" ಅಂತ ಅಂದ್ಬಿಡ್ಬೇಡಿ. ಏನ್ ಮಾಡ್ತಿದೀರ, ಏನ್ ಹುಡುಕ್ತಿದೀರ, ಎರಡು ವಾಕ್ಯ ಮನಸ್ಸಲ್ಲಿ ರೆಡಿ ಇಟ್ಕೊಳ್ಳಿ. "ಐದು ವರ್ಷದಿಂದ ಅಕೌಂಟ್ಸ್ ಮಾಡ್ತಿದೀನಿ, ಈಗ ರೈತ ಕಂಪನಿಗಳ ಲೆಕ್ಕಪತ್ರ ನೋಡ್ಕೊಳ್ಳೋ ಕೆಲಸ ಹುಡುಕ್ತಿದೀನಿ" ಅಂದ್ರೆ ಕೇಳಿದೋರ ತಲೇಲಿ ಒಂದು ಹೆಸರು ಹೊಳೆಯತ್ತೆ. ನಡೀತಿದೆ ಅಂದ್ರೆ ಏನು ಹೊಳೀಬೇಕು?

ಎದುರಿನೋರು ಒಂದೊಂದೇ ಪದದಲ್ಲಿ ಉತ್ತರ ಕೊಡ್ತಿದ್ರೆ, ಪುಸ್ತಕ ಮತ್ತೆ ತೆಗೆದ್ರೆ, ಕಿಟಕಿ ಕಡೆ ತಿರುಗಿದ್ರೆ, ನಗು ಕೊಟ್ಟು ಸುಮ್ನಾಗಿ. ರಾತ್ರಿ ಬಸ್ಸಲ್ಲಿ ಒಂಟಿ ಹೆಣ್ಮಗಳ ಪಕ್ಕ ಕೂತಿದ್ರೆ ಮಾತು ಶುರು ಮಾಡೋದೇ ಬೇಡ, ಅದು ಅದಕ್ಕೆ ಜಾಗ ಅಲ್ಲ.

ಆಮೇಲಿನ ಎರಡು ದಿನ

ಎಲ್ಲಕ್ಕಿಂತ ಜಾಸ್ತಿ ಜನ ಸೋಲೋದು ಇಲ್ಲೇ. ಒಳ್ಳೆ ಮಾತುಕತೆ ಆಗಿರತ್ತೆ, ನಂಬರ್ ತಗೊಂಡಿರ್ತಾರೆ, ಆಮೇಲೆ ಮೆಸೇಜ್ ಮಾಡೋಣ ಅಂತ ವಾರ ಹೋಗತ್ತೆ, ವಾರ ಆದ್ಮೇಲೆ ಈಗ ಮಾಡಿದ್ರೆ ಏನ್ ಅನ್ಕೋತಾರೋ ಅಂತ ಸಂಕೋಚ, ಅಲ್ಲಿಗೆ ಮುಗೀತು. ನಂಬರ್ ಸೇವ್ ಮಾಡ್ವಾಗ್ಲೇ ಹೆಸರಿನ ಜೊತೆ ಜಾಗ ಸೇರಿಸಿ, "ಹಾಸನ ಬಸ್ಸು, ಮಣ್ಣು ಪರೀಕ್ಷೆ ಲ್ಯಾಬ್" ಅನ್ನೋ ಥರ, ಇಲ್ಲಾಂದ್ರೆ ಆರು ತಿಂಗಳಾದ್ಮೇಲೆ ಯಾರು ಅಂತಲೇ ನೆನಪಾಗಲ್ಲ. ಮಾರನೇ ದಿನವೇ ಮೆಸೇಜ್ ಹಾಕಿ. ಬರೀ ಹಾಯ್ ಬೇಡ, ಗುಡ್ ಮಾರ್ನಿಂಗ್ ಹೂವಿನ ಫೋಟೋ ಖಂಡಿತ ಬೇಡ. ಹೀಗಿರ್ಲಿ:

"ನಮಸ್ಕಾರ ಸರ್, ನಿನ್ನೆ ತಿಪಟೂರು ಮದುವೆಯಲ್ಲಿ ಊಟಕ್ಕೆ ನಿಮ್ಮ ಪಕ್ಕ ಕೂತಿದ್ದೆ. ನೀವು ಹೇಳಿದ ಕೊಬ್ಬರಿ ಎಣ್ಣೆ ಘಟಕದ ವಿಷಯ ರಾತ್ರಿ ಸ್ವಲ್ಪ ಓದಿದೆ. ಒಂದೇ ಒಂದು ಡೌಟ್ ಇದೆ, ಮಷಿನ್‌ಗೆ ಲೋನ್ ತಗೊಂಡಾಗ ಮೊದಲ ವರ್ಷ ಹೇಗೆ ನಿಭಾಯಿಸಿದ್ರಿ? ಬಿಡುವಾದಾಗ ಹತ್ತು ನಿಮಿಷ ಫೋನ್ ಮಾಡಬಹುದಾ?"

ಇದ್ರಲ್ಲಿ ಏನೇನಿದೆ ನೋಡಿ, ಎಲ್ಲಿ ಸಿಕ್ಕಿದ್ವಿ ಅಂತ ಇದೆ, ಅವ್ರ ಮಾತು ಕೇಳಿ ನಾನೇನೋ ಮಾಡ್ದೆ ಅಂತ ಇದೆ, ಪ್ರಶ್ನೆ ಒಂದೇ, ಹತ್ತು ನಿಮಿಷ ಅಂತ ಮಿತಿನೂ ಇದೆ. ನಾರಾಯಣ ಮೂರ್ತಿ ಅವ್ರು ತಿಂಡಿ ಆದ್ಮೇಲೆ ಲೈಬ್ರರಿಗೆ ಹೋಗಿದ್ರಲ್ಲ, ಎರಡನೇ ವಾಕ್ಯ ಅದೇ. ಮೊದಲ ಮೆಸೇಜಲ್ಲೇ ರೆಸ್ಯೂಮೆ ಕಳಿಸ್ಬೇಡಿ, ಕೆಲಸ ಕೊಡ್ಸಿ ಅನ್ಬೇಡಿ. ಕೆಲಸ ಕೇಳಿದ್ರೆ ಅವ್ರು ಹೂಂ ಅಥವಾ ಇಲ್ಲ ಅನ್ಬೇಕಾಗತ್ತೆ, ಹೆಚ್ಚಿನ ಸಲ ಇಲ್ಲ. ಸಲಹೆ ಕೇಳಿದ್ರೆ ಅವ್ರೇ ಯೋಚ್ನೆ ಮಾಡಿ ಇನ್ನೊಬ್ರ ಹೆಸರು ಹೇಳ್ತಾರೆ. ಆ ಇನ್ನೊಬ್ರ ಹತ್ರ ಮಾತಾಡಿದ್ಮೇಲೆ ಮೊದಲನೆಯೋರಿಗೆ ಏನಾಯ್ತು ಅಂತ ತಿಳಿಸಿ, ಇದನ್ನ ಮಾಡೋರು ತುಂಬಾ ಕಮ್ಮಿ, ಮಾಡಿದೋರನ್ನ ಜನ ಮರೆಯಲ್ಲ.

ಉತ್ತರ ಬರ್ಲಿಲ್ವಾ? ಎರಡು ವಾರ ಬಿಟ್ಟು ಇನ್ನೊಂದೇ ಸಲ ನೆನಪಿಸಿ. ಅದಕ್ಕೂ ಬರ್ಲಿಲ್ಲ ಅಂದ್ರೆ ಬಿಡಿ, ಬೇಜಾರ್ ಮಾಡ್ಕೋಬೇಡಿ.

ಚುಚ್ಚೋ ಮಾತು ಹೇಳೋರು ಸಿಕ್ರೆ

ಸಿಗೋರೆಲ್ಲ ಬೆನ್ನು ತಟ್ಟೋರೇ ಆಗಿರಲ್ಲ. 1924ರಲ್ಲಿ ಮೈಸೂರಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬಂದಿದ್ರು. ಆಗ ಕುವೆಂಪು ಇನ್ನೂ ಇಪ್ಪತ್ತರ ಹುಡುಗ, ಇಂಗ್ಲಿಷಲ್ಲೇ ಪದ್ಯ ಬರೀತಿದ್ರು, ಒಂದು ಪುಟ್ಟ ಸಂಕಲನನೂ ಆಗ್ಲೇ ಬಂದಿತ್ತು. ಹೊಗಳ್ತಾರೆ ಅನ್ನೋ ಆಸೇಲಿ ತಮ್ಮ ಕವಿತೆ ತಗೊಂಡು ಹೋಗಿ ತೋರಿಸಿದ್ರು. ಕಸಿನ್ಸ್ ಅವ್ರು ಅದನ್ನ ಹೊಗಳೋದು ಬಿಟ್ಟು ನಿನ್ನ ಮಾತೃಭಾಷೇಲಿ ಏನಾದ್ರೂ ಬರ್ದಿದೀಯಾ ಅಂತ ಕೇಳಿದ್ರು, ಅದ್ರಲ್ಲಿ ಬರಿ ಅಂದ್ರು. ಹುಡುಗನಿಗೆ ಆ ಹೊತ್ತಲ್ಲಿ ನಿರಾಸೆ ಆಯ್ತು, ಕೋಪನೂ ಬಂತು. ಆದ್ರೆ ಆ ಮಾತು ಒಳಗೆ ಹೋಗಿ ಕೂತ್ಕೊಂಡ್ತು, ಕನ್ನಡಕ್ಕೆ ತಿರುಗಿದ್ರು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ್ಕೊಟ್ರು. ಒಂದು ಭೇಟಿಯಿಂದ ಒಂದು ಭಾಷೆಗೇ ಇಷ್ಟು ಲಾಭ ಆಗಿದ್ದು ಬೇರೆ ಎಲ್ಲಿ ಕೇಳಿದೀರಾ? ಇದನ್ನ ನೆನೆಸ್ಕೊಂಡಾಗೆಲ್ಲ ನಂಗೆ ಮೈ ಜುಮ್ ಅನ್ನತ್ತೆ.

ಇದ್ರಿಂದ ತಗೋಬೇಕಾದ್ದು ಇಷ್ಟು. ಯಾರಾದ್ರೂ ತಿಳಿದೋರು, ಆ ವಿಷಯದಲ್ಲಿ ಕೈ ಪಳಗಿರೋರು, ನಿಮ್ಮಿಂದ ಏನೂ ಆಗ್ಬೇಕಾಗಿಲ್ಲದೋರು ಒಂದು ಮಾತು ಚುಚ್ಚಿ ಹೇಳಿದ್ರೆ ಆ ಜಾಗದಲ್ಲೇ ವಾದ ಮಾಡ್ಬೇಡಿ. ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ, ಮನೇಗೆ ಬಂದು ಅವ್ರ ಮಾತನ್ನ ಇದ್ದಂಗೇ ಬರ್ದಿಡಿ, ವಾರ ಬಿಟ್ಟು ತೆಗೆದು ಓದಿ. ವಾರ ಆದ್ಮೇಲೂ ಅದು ಕಾಡ್ತಿದ್ರೆ ಅದ್ರಲ್ಲಿ ಏನೋ ಇದೆ.

ಪ್ರೀತಿ ವಿಷಯಕ್ಕೆ ಬಂದ್ರೆ

ಇಲ್ಲಿ ಲೆಕ್ಕ ಬೇರೆ. ಕೆಲಸದಲ್ಲಿ ಮಾರನೇ ದಿನ ಮೆಸೇಜ್ ಹಾಕಿ ಅಂದೆ, ಪ್ರೀತಿಲಿ ಅವಸರ ಬೇಡ. ಒಂದು ಸಲ ನೋಡಿ ಮನಸ್ಸು ಕೊಟ್ಟೆ ಅನ್ನೋದು ಸಿನಿಮಾದಲ್ಲಿ ಸರಿ, ನಿಜ ಜೀವನದಲ್ಲಿ ಎರಡನೇ ಭೇಟಿ, ಐದನೇ ಭೇಟಿ, ಮಳೆ ಬಂದು ಪ್ಲಾನ್ ಕೆಟ್ಟ ದಿನದ ಭೇಟಿ, ಇವು ಮನುಷ್ಯನ್ನ ತೋರಿಸ್ತವೆ. ಅದಕ್ಕೇ ವಾರವಾರ ಹೋಗೋ ಜಾಗ ಪ್ರೀತಿಗೂ ಒಳ್ಳೇದು, ಇಬ್ರಿಗೂ ಒತ್ತಡ ಇಲ್ದೆ ಒಬ್ರನ್ನೊಬ್ರು ನೋಡೋ ಸಮಯ ಸಿಗತ್ತೆ. ಜೊತೆಲಿ ಬೇರೆಯೋರು ಇದ್ದಾಗ ಅವ್ರು ಹೇಗಿರ್ತಾರೆ, ಟೀ ತಂದ ಹುಡುಗನ ಹತ್ರ ಹೇಗೆ ಮಾತಾಡ್ತಾರೆ, ತಡವಾಗಿ ಬಂದೋರ ಮೇಲೆ ಹೇಗೆ ಸಿಡುಕ್ತಾರೆ, ಎಲ್ಲಾ ಗೊತ್ತಾಗತ್ತೆ.

ಕೇಳೋ ದಿನ ಬಂದ್ರೆ ಸೀದಾ ಕೇಳಿ, ಸುತ್ತಿ ಬಳಸಿ ಬೇಡ. "ಮುಂದಿನ ಭಾನುವಾರ ನಾವಿಬ್ರೇ ಕಾಫಿಗೆ ಸಿಗೋಣ್ವಾ? ಇಷ್ಟ ಇಲ್ಲ ಅಂದ್ರೂ ಪರ್ವಾಗಿಲ್ಲ, ಇಲ್ಲಿ ಮೊದಲಿನ ಥರನೇ ಸಿಗ್ತಿರೋಣ" ಅಂದ್ರೆ ಸಾಕು. ಬೇಡ ಅಂದ್ರೆ ಬೇಡ. ಮಾತು ತೇಲಿಸಿದ್ರೂ ಬೇಡ ಅಂತಲೇ ಅರ್ಥ. ಹಿಂದೆ ಬೀಳೋದು ಪ್ರೀತಿ ಅಲ್ಲ, ಒಬ್ಳು ಹೆಣ್ಮಗಳು ಬೇಡ ಅಂದ್ಮೇಲೂ ಪದೇ ಪದೇ ಹಿಂಬಾಲಿಸೋದು, ಮೆಸೇಜ್ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಹೆಣ್ಮಕ್ಕಳಿಗೆ ಒಂದು ಮಾತು, ಮೊದಲ ಸಲ ಒಬ್ರೇ ಸಿಗೋಕೆ ಹೋಗ್ವಾಗ ಜನ ಇರೋ ಜಾಗ, ಹಗಲು ಹೊತ್ತು, ವಾಪಸ್ ಬರೋಕೆ ನಿಮ್ಮದೇ ಗಾಡಿ, ಲೈವ್ ಲೊಕೇಶನ್ ಒಬ್ಬ ಗೆಳತಿಗೆ, ತೊಂದ್ರೆ ಅನ್ಸಿದ್ರೆ ತುರ್ತು ಸಹಾಯದ ನಂಬರ್ 112. ಯಾರಿಗೂ ಬೇಜಾರಾಗ್ಬಾರ್ದು ಅಂತ ಇದನ್ನ ಬಿಡ್ಬೇಡಿ, ಒಳ್ಳೆಯೋನಾದ್ರೆ ಅರ್ಥ ಮಾಡ್ಕೋತಾನೆ.

ಕೆಲಸ ಮತ್ತೆ ಪ್ರೀತಿ ಒಬ್ರಲ್ಲೇ ಸೇರ್ಕೊಂಡಾಗ ಕಷ್ಟ. ಕೆಲಸ ಕೊಡ್ಸೋಕೆ ಸಹಾಯ ಮಾಡಿದೋರ ಮೇಲೆ ಮನಸ್ಸಾದ್ರೆ, ಅಥವಾ ನೀವೇ ಯಾರಿಗಾದ್ರೂ ಸಹಾಯ ಮಾಡ್ತಿದ್ದು ಅವ್ರ ಮೇಲೆ ಮನಸ್ಸಾದ್ರೆ, ಮೊದ್ಲು ಆ ಸಹಾಯದ ವ್ಯವಹಾರ ಮುಗಿಸಿ. ಇಲ್ಲಾಂದ್ರೆ ಅವ್ರು ಹೂಂ ಅಂದಿದ್ದು ಇಷ್ಟ ಪಟ್ಟಾ, ಇಲ್ಲ ಅನ್ನೋಕೆ ಭಯ ಪಟ್ಟಾ ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ. ನಿಮ್ಮ ಕೈಕೆಳಗೆ ಕೆಲಸ ಮಾಡೋರ ವಿಷಯದಲ್ಲಂತೂ ದೂರ ಇರಿ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋದ್ರೆ ಮೋಸ ಆಗತ್ತೆ. ನಮ್ಮ ದೇಶದಲ್ಲಿ ಅಚಾನಕ್ ಸಿಕ್ಕೋರು ಬೇರೆ ಜಾತಿ, ಬೇರೆ ಧರ್ಮದೋರಾಗಿದ್ರೆ ಅಲ್ಲಿಂದಾಚೆ ದಾರಿ ಸಲೀಸಿಲ್ಲ. 2011-12ರ ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೇಲಿ ಅಂತರ್ಜಾತಿ ಮದ್ವೆ ನೂರಕ್ಕೆ ಸುಮಾರು ಐದು ಮಾತ್ರ. ಹಾಗಂತ ಬಿಟ್ಬಿಡಿ ಅಂತ ಹೇಳ್ತಿಲ್ಲ, ಪ್ರಿಪೇರ್ ಆಗಿ ಅಂತಿದೀನಿ. ಇಬ್ರಿಗೂ ಸ್ವಂತ ದುಡಿಮೆ ಇರ್ಲಿ, ಮನೇಲಿ ನಿಮ್ಮ ಪರ ಮಾತಾಡೋ ಒಬ್ಬ ಚಿಕ್ಕಮ್ಮನೋ ಸೋದರಮಾವನೋ ಯಾರು ಅಂತ ಮೊದ್ಲೇ ಗುರುತಿಸಿ ಅವ್ರಿಗೆ ಮೊದ್ಲು ಹೇಳಿ. 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ ಯಾವ ಜಾತಿ ಧರ್ಮದೋರೂ ಮದ್ವೆ ಆಗ್ಬಹುದು, ಆದ್ರೆ 30 ದಿನದ ನೋಟಿಸ್ ಕೊಡ್ಬೇಕು, ಆ ನೋಟಿಸ್ ಯಾರು ಬೇಕಾದ್ರೂ ನೋಡೋ ಹಾಗೆ ಹಾಕ್ತಾರೆ. ಮನೇಲಿ ಅಪಾಯ ಇದೆ ಅನ್ಸಿದ್ರೆ ಆ ಒಂದು ತಿಂಗಳು ಎಲ್ಲಿರ್ತೀವಿ ಅನ್ನೋದನ್ನ ವಕೀಲರ ಹತ್ರ ಕೂತು ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ.

ಯಾರ ಹತ್ರ ಹುಷಾರಾಗಿರ್ಬೇಕು

ಬಂಡೂರಾ ಆ ಪೇಪರಲ್ಲೇ ಇದನ್ನೂ ಹೇಳ್ತಾರೆ. ಅಚಾನಕ್ ಸಿಕ್ಕೋರು ನಮ್ಮನ್ನ ಯಾವ ಗುಂಪಿಗೆ ಕರ್ಕೊಂಡು ಹೋಗ್ತಾರೆ ಅನ್ನೋದು ಮುಖ್ಯ, ಕೆಲವು ಗುಂಪುಗಳು ಒಳಗೆ ಹೋದ್ಮೇಲೆ ಬಾಗಿಲು ಹಾಕ್ಬಿಡ್ತವೆ, ಹೊರಗಿನೋರ ಸಂಪರ್ಕನೇ ತಪ್ಪಿಸ್ತವೆ. ಬೆಂಗಳೂರಲ್ಲಿ ಇರೋರಿಗೆ ಇದು ಚೆನ್ನಾಗಿ ಗೊತ್ತು, ಸೂಪರ್‌ಮಾರ್ಕೆಟಲ್ಲಿ ಯಾರೋ ದಂಪತಿ ನಗ್ತಾ ಬಂದು ನಿಮ್ಮನ್ನ ಎಲ್ಲೋ ನೋಡಿದೀವಿ ಅಂತಾರೆ, ಎರಡು ವಾರ ಕಾಫಿ, ಮೂರನೇ ವಾರ ಒಂದು ಬಿಸಿನೆಸ್ ಐಡಿಯಾ ಇದೆ ಬನ್ನಿ ಅಂತಾರೆ, ಹೋದ್ರೆ ಜನರನ್ನ ಸೇರಿಸ್ತಾ ದುಡ್ಡು ಕಟ್ಟಿಸೋ ಚೈನ್ ಲಿಂಕು. ಗುರುತಿಸೋದು ಸುಲಭ: ಏನ್ ಕೆಲಸ ಅಂತ ಸೀದಾ ಕೇಳಿದ್ರೆ ಸೀದಾ ಹೇಳಲ್ಲ, ಇವತ್ತೇ ನಿರ್ಧಾರ ಮಾಡಿ ಅಂತಾರೆ, ಮನೆಯೋರಿಗೆ ಈಗ್ಲೇ ಹೇಳ್ಬೇಡಿ ಅಂತಾರೆ, ದುಡ್ಡು ನಿಮ್ಮ ಕಡೆಯಿಂದ ಅವ್ರ ಕಡೆಗೆ ಹೋಗತ್ತೆ. ಆನ್‌ಲೈನಲ್ಲಿ ಸಿಕ್ಕ ಕೆಲಸಕ್ಕೂ, ಮ್ಯಾಟ್ರಿಮೊನಿಲಿ ಸಿಕ್ಕ ಹುಡುಗ ಹುಡುಗೀಗೂ ಇದೇ ಪರೀಕ್ಷೆ. ಮುಖ ನೋಡೋ ಮೊದ್ಲೇ ದುಡ್ಡು ಕೇಳಿದ್ರೆ ನಿಲ್ಲಿಸಿ, ಕಳ್ಕೊಂಡಾಗಿದ್ರೆ ತಡ ಮಾಡ್ದೆ ಸೈಬರ್ ವಂಚನೆಯ ಸಹಾಯವಾಣಿ 1930ಗೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಯೋ ಅವಕಾಶ ಜಾಸ್ತಿ.

ನಿಮಗೇ ಯಾರಾದ್ರೂ ಬರೆದ್ರೆ

ಇಲ್ಲಿ ತನಕ ನೀವು ಕೇಳೋರು ಅನ್ಕೊಂಡು ಬರೆದೆ. ಆದ್ರೆ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಯ್ತು ಅಂದ್ರೆ ನೀವೂ ಯಾರಿಗೋ ಅಚಾನಕ್ ಸಿಗೋ ಮನುಷ್ಯ ಆಗಿರ್ತೀರ. ಊರಿಂದ ಬಂದ ಹುಡುಗಿ, ಡಿಪ್ಲೊಮಾ ಮುಗಿಸಿದ ಹುಡುಗ, ಯಾರದೋ ಮದ್ವೇಲಿ ಒಂದು ಸಲ ಮಾತಾಡಿ "ಸರ್ ನೆನಪಿದೀನಾ" ಅಂತ ಮೆಸೇಜ್ ಹಾಕಿರ್ತಾರೆ. ಇಂಗ್ಲಿಷ್ ತಪ್ಪಿರ್ಬಹುದು, ಕೇಳೋ ರೀತಿ ಗೊತ್ತಿಲ್ದೆ ಒಂದೇ ಸಲಕ್ಕೆ ಕೆಲಸನೇ ಕೇಳಿರ್ಬಹುದು. ಒಂದು ವಾರದೊಳಗೆ ಎರಡು ಸಾಲು ಉತ್ತರ ಕೊಡಿ. ನಮ್ಮಲ್ಲಿ ಈಗ ಜಾಗ ಇಲ್ಲ ಅಂದ್ರೆ ಇಲ್ಲ ಅಂತಲೇ ಬರೀರಿ, ಸುಳ್ಳು ಭರವಸೆ ಕೊಟ್ಟು ತಿಂಗಳುಗಟ್ಟಲೆ ಕಾಯಿಸ್ಬೇಡಿ, ಜೊತೆಗೆ ಯಾವ ಕೋರ್ಸ್ ನೋಡ್ಬಹುದು, ಯಾರನ್ನ ಕೇಳ್ಬಹುದು ಅಂತ ಒಂದು ದಾರಿ ತೋರ್ಸಿ. ಇನ್ನೊಬ್ರ ನಂಬರ್ ಕೊಡೋ ಮುಂಚೆ ಆ ಇನ್ನೊಬ್ರನ್ನ ಒಂದ್ಮಾತು ಕೇಳಿ, ಅವ್ರು ಸರಿ ಅಂದ್ಮೇಲೆ ಕೊಡಿ.